ಗಚ್ಚಿನ ಬೆಲ್ಲ

ಕಲ್ಲಿಗೆ ಮಾತು ಬರುವುದಿಲ್ಲ ಎನ್ನುವವರು ಮೃಣಾಲಿನಿಯ ಮೇಜಿನ ಮುಂದೆ ಒಂದು ತಾಸು ಕೂತವರಲ್ಲ. ಹಾಗೆ ನೋಡಿದರೆ ಅಲ್ಲಿ ಯಾರೂ ಕೂತವರಲ್ಲ, ಆ ಮಾತು ಬೇರೆ. ಜಹೀರಾಬಾದಿನಲ್ಲಿ ಬೀದರ್ ರಸ್ತೆಯ ಪಕ್ಕ ಒಂದು ಎರಡಂತಸ್ತಿನ ಕಟ್ಟಡ. ಕೆಳಗೆ ಟೈರಿನ ಅಂಗಡಿ, ಮೇಲೆ ಕಟ್ಟಡದ ಸಾಮಾನು ಪರೀಕ್ಷೆ ಮಾಡುವ ಪ್ರಯೋಗಶಾಲೆ. ತಾಂಡೂರಿನಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಬರುತ್ತದೆ, ನಾರಾಯಣಖೇಡದಿಂದ ಕರಿಕಲ್ಲಿನ ಖಡಿ, ಅಂದರೆ ಜಲ್ಲಿ, ಬರುತ್ತದೆ, ಮೊಗುಡಂಪಲ್ಲಿಯ ಕಡೆಯಿಂದ ಕೆಂಪು ಕಲ್ಲು ಬರುತ್ತದೆ. ಬಂದದ್ದನ್ನೆಲ್ಲ ಸೀಳಿ, ಗಾಜಿನ ಪಟ್ಟಿಗೆ ಅಂಟಿಸಿ, ತಲೆಗೂದಲಿನ ಅರ್ಧದಷ್ಟು ತೆಳ್ಳಗಾಗುವವರೆಗೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು ಅವಳ ಕೆಲಸ. ಅಷ್ಟು ತೆಳ್ಳಗಾದರೆ ಎಂಥ ಕರಿಕಲ್ಲಿನಲ್ಲೂ ಬೆಳಕು ಹಾಯುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಅವಳು ಅದನ್ನೇ ನೋಡುತ್ತಿದ್ದಾಳೆ.

ನೋಡಿದ್ದನ್ನು ಕೇಳುವವರಿಲ್ಲ. ಗುತ್ತಿಗೆದಾರರಿಗೆ ವರದಿಯ ಕೊನೆಯ ಸಾಲು ಬೇಕು: ಪಾಸೋ, ಫೇಲೋ. ಮ್ಯಾನೇಜರ್ ಲಕ್ಷ್ಮೀಕಾಂತ ಕೆಟ್ಟವನಲ್ಲ, ಆದರೆ ಅವನಿಗೂ ಬೇಕಾದದ್ದು ಅದೇ ಸಾಲು, ಅದೂ ಸಂಜೆ ಐದರೊಳಗೆ. ಒಂದು ಚೂರು ಕಲ್ಲಿನೊಳಗೆ ಎಷ್ಟು ಬಣ್ಣ ಇರುತ್ತದೆ, ಗಾಜಿನ ತಟ್ಟೆ ತಿರುಗಿಸಿದಂತೆ ಅದು ಹೇಗೆ ಬದಲಾಗುತ್ತದೆ ಎಂದು ಶುರುವಿನಲ್ಲಿ ಅವಳು ಒಬ್ಬಿಬ್ಬರಿಗೆ ಹೇಳಲು ಹೋಗಿದ್ದಳು. ಅವರು ಗಡಿಯಾರ ನೋಡಿದರು. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು.

ಅವಳಿಗೆ ಈಗ ಐವತ್ತೊಂದು. ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆಯ ಎರಡು ಕೋಣೆ. ಯಾಕೆ ಮದುವೆಯಾಗಲಿಲ್ಲ ಎಂದು ಕೇಳುವವರಿಗೆಲ್ಲ ಉತ್ತರ ಕೊಡುತ್ತ ಕೂತರೆ ಕಥೆ ಮುಂದೆ ಹೋಗುವುದಿಲ್ಲ, ಆಗಲಿಲ್ಲ, ಅಷ್ಟೇ. ಹೈದರಾಬಾದಿನಲ್ಲಿ ಅಣ್ಣನಿದ್ದಾನೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಫೋನು ಮಾಡಿ "ಆರಾಮದಿಯಲ್ಲ?" ಎನ್ನುತ್ತಾನೆ. ಹೌದು ಎನ್ನುವುದರೊಳಗೆ ಫೋನು ಇಟ್ಟಿರುತ್ತಾನೆ. ವಾರದ ಆರು ದಿನ ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ ಮುಗಿಯುತ್ತಲೇ ಇರಲಿಲ್ಲ.

ಹೀಗಿರುವಾಗ ಎರಡು ವರ್ಷದ ಹಿಂದೆ, ಕಾರಹುಣ್ಣಿಮೆ ಮುಗಿದ ವಾರ, ಶಾಂತಪ್ಪ ಬಂದ. ನ್ಯಾಲ್ಕಲ್ ಆಚೆಯ ಹಳ್ಳಿಯವನು, ಅರವತ್ತೈದು ದಾಟಿದ ಗೌಂಡಿ. ಗೋಡೆ ಕಟ್ಟಿ, ಸ್ಲ್ಯಾಬು ಹಾಕಿ ನಲವತ್ತು ವರ್ಷ ಬದುಕಿದವನು. ಹೆಗಲ ಮೇಲಿನ ಟವೆಲಿನಲ್ಲಿ ಹಳೆಯ ಸುಣ್ಣದ ಗಚ್ಚಿನ ಎರಡು ಹೆಂಟೆ ಕಟ್ಟಿಕೊಂಡು ಬಂದಿದ್ದ. ಊರ ಹಳೆಯ ಬಾವಿಯ ಗೋಡೆ ರಿಪೇರಿ ಮಾಡುವಾಗ ಸಿಕ್ಕಿದ್ದಂತೆ.

"ರಿಪೋರ್ಟ್ ಗಿಪೋರ್ಟ್ ಬ್ಯಾಡ್ರಿ ಬಾಯಿ," ಎಂದ. "ಇದರಾಗ ಏನದ ನೋಡಿ ಹೇಳ್ರಿ, ಸಾಕು. ಹಾರಿಲೆ ಹೊಡದ್ರೂ ಒಡಿಲಿಲ್ಲ. ನಮ್ಮಜ್ಜ ಕಟ್ಟಿದ್ದಿದು. ಆತ ಏನ ಹಾಕ್ಯಾನ ನಮಗ ಹೇಳಿ ಹೋಗಿಲ್ಲ."

ನಾಲ್ಕು ದಿನ ಬಿಟ್ಟು ಅವನು ಮತ್ತೆ ಬಂದಾಗ ಗಾಜಿನ ಪಟ್ಟಿ ಸಿದ್ಧವಾಗಿತ್ತು. ಅವಳು ಬಾಯಿಮಾತಿಗೆಂಬಂತೆ "ನೋಡ್ತೀರೇನು?" ಎಂದಳು. ಶಾಂತಪ್ಪ ತಲೆಯ ಟೋಪಿ ತೆಗೆದು ಮೇಜಿನ ಮೇಲಿಟ್ಟು, ದೇವರ ಮುಂದೆ ಬಗ್ಗುವ ಹಾಗೆ ಬಗ್ಗಿ ಕಣ್ಣು ಇಟ್ಟ. ಇಟ್ಟವನು ಇಪ್ಪತ್ತು ನಿಮಿಷ ಎತ್ತಲಿಲ್ಲ. ಅವಳು ತಟ್ಟೆ ತಿರುಗಿಸಿದಾಗ ಬಣ್ಣ ಬದಲಾದದ್ದು ಕಂಡು ಅವನ ಬಾಯಿಂದ ಒಂದು ಸಣ್ಣ ಉಸಿರು ಹೊರಟಿತು. "ಇದು ನಮ್ಮಜ್ಜಗ ಕಂಡಿರಾಕಿಲ್ಲ," ಎಂದ. "ಆತ ಕೈಯಾಗ ಮಾಡ್ಯಾನ, ಕಣ್ಣಿಲೆ ನೋಡಿಲ್ಲ."

ಆ ಮಾತಿಗೆ ಮೃಣಾಲಿನಿಯ ಇಪ್ಪತ್ತು ವರ್ಷದ ಕಟ್ಟೆ ಒಡೆಯಿತು. ಅವಳು ಮಾತಾಡಿದಳು, ಬಾಯಿ ತುಂಬ ಮಾತಾಡಿದಳು. ಸುಣ್ಣ ಹೇಗೆ ಸುಟ್ಟಿದ್ದಾರೆ, ಇಟ್ಟಿಗೆ ಪುಡಿ ಎಷ್ಟಿದೆ, ಬಿಲ್ವದ ಕಾಯಿಯ ಅಂಟು ಏನು ಮಾಡುತ್ತದೆ, ಎಲ್ಲ. "ಬೆಲ್ಲನೂ ಹಾಕಿರ್ತಾರ ಕಾಕಾ. ಬೆಲ್ಲ ಈಗ ಕಾಣಂಗಿಲ್ಲ, ಅದು ಮಾಡಿದ ಕೆಲಸ ಕಾಣ್ತದ. ನೋಡ್ರಿ, ಸುಣ್ಣ ಎಷ್ಟು ಸಣ್ಣಗ, ಎಷ್ಟು ದಟ್ಟಗ ಕೂತದ. ಅದಕ್ಕೇ ನಿಮ್ಮ ಹಾರಿ ಸೋತದ."

"ಹಂಗಾದ್ರ ಈಗಿನ ಸಿಮೆಂಟ್ ಕೆಲಸಕ್ಕೂ ಬೆಲ್ಲ ಹಾಕಿದ್ರ ಗಟ್ಟಿ ಆಗ್ತದೇನ್ರಿ?" ಶಾಂತಪ್ಪ ಕೇಳಿದ.

ಅಷ್ಟರಲ್ಲಿ ಬಾಗಿಲಿನಿಂದ ಲಕ್ಷ್ಮೀಕಾಂತ ಒಂದು ಸಹಿಗಾಗಿ ಕರೆದ. ಅವಳು ಹೋಗಿ ಬರುವುದರೊಳಗೆ ಚಹಾ ಬಂದಿತ್ತು, ಶಾಂತಪ್ಪ ಬಸಿಯಲ್ಲಿ ಸುರಿದುಕೊಂಡು ಊದುತ್ತ ಅಜ್ಜ ಸುಣ್ಣ ಅರೆಯುವ ಗಾಣ ತಿರುಗಿಸುತ್ತಿದ್ದ ಕಥೆ ಶುರು ಮಾಡಿದ್ದ. ಅವಳು ಎದುರಿಗೆ ಕೂತು ಕೇಳಿದಳು. ಅಂಥ ಮಧ್ಯಾಹ್ನ ಅವಳ ಜನ್ಮದಲ್ಲಿ ಬಂದಿರಲಿಲ್ಲ.

ಹೋಗುವಾಗ ಅವನು, "ಐತವಾರ ಮನಿಗಿ ಬರ್ರಿ. ಇದನ್ನೆಲ್ಲ ನಮ್ಮಾಕಿಗಿ ಹೇಳ್ರಿ, ನಾ ಹೇಳಿದ್ರ ನಂಬಂಗಿಲ್ಲ," ಎಂದ. ಅವಳು ಹೋದಳು. ಅವನ ಹೆಂಡತಿ ಸುಗಲಾಬಾಯಿ ಅವಳನ್ನು ಪಡಸಾಲೆಯಲ್ಲಿ ನಿಲ್ಲಿಸಲಿಲ್ಲ, ನೇರ ಒಲೆಯ ಮುಂದೆ ಮಣೆ ಹಾಕಿ ಕೂರಿಸಿದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. "ಏನ್ ಕಡ್ಡಿ ಆಗಿದಿ ಯವ್ವಾ, ಕಲ್ಲು ತಿಂತಿಯೇನು ಅಲ್ಲಿ?" ಎಂದು ಇನ್ನೊಂದು ರೊಟ್ಟಿ ನೂಕಿದಳು. ಮಕ್ಕಳಿಲ್ಲದ ಮನೆ ಅದು. ಹೊರಡುವಾಗ ಒಂದು ಬಿಳಿ ಬಟ್ಟೆಯಲ್ಲಿ ನಾಲ್ಕು ರೊಟ್ಟಿ, ಹಿಂಡಿ, ಮುಷ್ಟಿಯಷ್ಟು ಬೆಲ್ಲ ಕಟ್ಟಿ ಕೈಗಿಟ್ಟಳು.

ಆ ಕಡೆ ಒಂದು ಪದ್ಧತಿ ಇದೆ. ಬುತ್ತಿ ಕಟ್ಟಿಕೊಟ್ಟ ಬಟ್ಟೆಯನ್ನು ಖಾಲಿ ಮರಳಿಸಬಾರದು. ಹಾಗಾಗಿ ಮುಂದಿನ ಭಾನುವಾರ ಅವಳು ಅದರಲ್ಲಿ ಬಾಳೆಹಣ್ಣು ಕಟ್ಟಿಕೊಂಡು ಹೋದಳು. ಸುಗಲಾಬಾಯಿ ಮತ್ತೆ ರೊಟ್ಟಿ ಕಟ್ಟಿದಳು. ಆಮೇಲಿನ ವಾರ ಚುರುಮುರಿ, ಅದರಾಚೆ ವಾರ ಹಸಿರು ಬಳೆ. ಬಟ್ಟೆ ಹೀಗೆ ಹೋಗಿ ಬರುತ್ತ ಎರಡು ವರ್ಷವಾಯಿತು. ತಟ್ಟದೆ ಒಳಗೆ ಹೋಗಬಹುದಾದ ಬಾಗಿಲು ಅವಳಿಗೆ ಈ ಜಗತ್ತಿನಲ್ಲಿ ಅದೊಂದೇ ಇತ್ತು.

ಈ ವರ್ಷ ಶಿವರಾತ್ರಿಯ ಮುಂಚೆ ಗುರುಬಸವ ಪ್ರಯೋಗಶಾಲೆಗೆ ಬಂದ. ಅದೇ ಹಳ್ಳಿಯವನು, ಬೀಜ ಗೊಬ್ಬರದ ಅಂಗಡಿ ಇಟ್ಟವನು, ಊರಾಚೆಯ ಮಠದ ಕಟ್ಟಡ ಕಮಿಟಿಯ ಹಿರಿಯ. ಗೋಣಿಚೀಲದಿಂದ ಕಾಂಕ್ರೀಟಿನ ಮೂರು ತುಂಡು ತೆಗೆದು ಮೇಜಿನ ಮೇಲೆ ಕುಕ್ಕಿದ.

"ದಾಸೋಹದ ಅಡಗಿ ಮನಿದು, ಮೇಡಂ. ಇಪ್ಪತ್ತೊಂದು ದಿನ ಆದ ಮ್ಯಾಲ ಸ್ಲ್ಯಾಬಿನ ಕೆಳಗಿನ ಸೆಂಟ್ರಿಂಗ್ ಹಲಗಿ ಬಿಚ್ಚಿದ್ರು. ಒಂದು ಮೂಲಿ ಹಂಗೇ ಕುಸದು ಕುಂತದ. ಮಂದಿ ಊಟಕ್ಕ ಹೋಗಿದ್ರು, ದೇವರು ದೊಡ್ಡಾಂವ. ಇಲ್ಲಂದ್ರ ನಾಕು ಹೆಣ ಬೀಳತಿದ್ವು."

"ಕಟ್ಟಿದೋರು ಯಾರು?" ಎಂದಳು, ಉತ್ತರ ಗೊತ್ತಿದ್ದೂ. ಹೋದ ಭಾನುವಾರ ಅವಳಿಗೆ ಹೋಗಲಾಗಿರಲಿಲ್ಲ. ಅದರ ಹಿಂದಿನ ಭಾನುವಾರ ಶಾಂತಪ್ಪ ಆ ಸ್ಲ್ಯಾಬಿನ ಮಾತನ್ನೇ ಆಡುತ್ತ ರೊಟ್ಟಿ ಮರೆತಿದ್ದ.

"ಶಾಂತಪ್ಪ. ಮತ್ಯಾರು. ಸಿಮೆಂಟ್ ನಾವು ಭಕ್ತರ ಕಡಿಂದ ಎತ್ತಿ ಕೊಟ್ಟೇವಿ. ಆತ ಅದನ್ನ ತಿಂದಾನ. ಊರೆಲ್ಲ ಅದೇ ಮಾತು."

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಊರು ಯಾವುದಿಲ್ಲ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಲವತ್ತು ವರ್ಷ ಕಟ್ಟಿದ ಹೆಸರು ಒಂದು ಊಟದ ಹೊತ್ತಿನಲ್ಲಿ ಪುಡಿಯಾಗಿತ್ತು.

"ನೀವು ನೋಡಿ ಬರದು ಕೊಡ್ರಿ," ಎಂದ ಗುರುಬಸವ. "ನಾಳಿ ಆತ ಇಲ್ಲ ಅನ್ನಬಾರದು. ಮಷೀನಿಗಿ ಯಾರ ಮುಲಾಜೂ ಇರಂಗಿಲ್ಲ."

ಅವನು ಹೋದ ಮೇಲೆ ಮೃಣಾಲಿನಿ ಲಕ್ಷ್ಮೀಕಾಂತನ ಕೋಣೆಗೆ ಹೋಗಿ, ಈ ಗೌಂಡಿ ನನಗೆ ಮನೆಯವರ ಹಾಗೆ, ಇದನ್ನು ಬೇರೆ ಯಾರಾದರೂ ನೋಡಲಿ ಎಂದಳು. ಲಕ್ಷ್ಮೀಕಾಂತ ಕನ್ನಡಕದ ಮೇಲಿನಿಂದ ನೋಡಿದ. "ಇಲ್ಲಿ ನೋಡೋರು ನೀವೊಬ್ಬರೇ ಅಲ್ಲೇನ್ರಿ," ಎಂದ. ಅದರಲ್ಲಿ ಸುಳ್ಳೇನಿರಲಿಲ್ಲ.

ಕಾಂಕ್ರೀಟಿನ ತುಂಡನ್ನು ಅವಳು ನೀರು ತಾಗಿಸದೆ ಎಣ್ಣೆಯಲ್ಲಿ ಕೊಯ್ದಳು. ಒಳಗೆ ಸಿಮೆಂಟು ನೀರು ಕುಡಿಯದೆ ಉಳಿದಿದ್ದರೆ, ಕೊಯ್ಯುವ ನೀರಿಗೇ ಅದು ಬದಲಾಗಿಬಿಡುತ್ತದೆ. ಆಮೇಲೆ ನಿಜ ತಿಳಿಯುವುದಿಲ್ಲ. ಅಂಟು ಒಣಗಬೇಕು, ಉಜ್ಜಬೇಕು, ನೋಡಬೇಕು, ಮತ್ತೆ ಉಜ್ಜಬೇಕು. ಎರಡು ದಿನ ಹಿಡಿಯಿತು. ಆ ಎರಡು ದಿನ ಅವಳಿಗೆ ಇದ್ದದ್ದು ಒಂದೇ ಹೆದರಿಕೆ: ಸಿಮೆಂಟು ಕಡಿಮೆ ಇದ್ದರೆ? ಇದ್ದರೆ ಹಾಗೆಂದೇ ಬರೆಯಬೇಕು. ಬರೆದ ಮೇಲೆ ಆ ಒಲೆಯ ಮುಂದೆ ಹೇಗೆ ಕೂರುವುದು?

ಮೂರನೆಯ ದಿನ ಬೆಳಿಗ್ಗೆ ಕಣ್ಣು ಇಟ್ಟಳು. ನಾರಾಯಣಖೇಡದ ಖಡಿ ಚೊಕ್ಕವಾಗಿತ್ತು; ಸಣ್ಣ ಕಡ್ಡಿಗಳಂಥ ಹರಳುಗಳು ಅಡ್ಡಾದಿಡ್ಡಿ ಹೆಣೆದುಕೊಂಡ ಆರೋಗ್ಯವಂತ ಕರಿಕಲ್ಲು. ಉಸುಕಿನಲ್ಲಿ ಮಣ್ಣಿರಲಿಲ್ಲ. ಖಡಿ ಖಡಿಯ ನಡುವೆ ಸಿಮೆಂಟು ಇತ್ತು, ಬೇಕಾದಷ್ಟು ಇತ್ತು, ಕಾಳು ಕಾಳಾಗಿ ಇತ್ತು. ಅವಳು ಒಬ್ಬಳೇ ಕೂತಲ್ಲಿ ಗಟ್ಟಿಯಾಗಿ ನಕ್ಕಳು. ಶಾಂತಪ್ಪ ಕಳ್ಳನಲ್ಲ. ಗಾಜಿನ ಮೇಲೆ ಸಾಕ್ಷಿ ಇದೆ.

ನಗು ಮುಗಿದ ಮೇಲೆ ಕೆಲಸದ ಬುದ್ಧಿ ಎಚ್ಚರವಾಯಿತು. ಸಿಮೆಂಟು ಕಾಳು ಕಾಳಾಗಿ ಯಾಕೆ ಉಳಿದಿದೆ? ಇಷ್ಟು ದಿನಕ್ಕೆ ಅದು ನೀರು ಹೀರಿ ಕರಗಿ ಕಲ್ಲನ್ನು ಕಚ್ಚಿ ಹಿಡಿಯಬೇಕಿತ್ತು. ಅದು ಗಟ್ಟಿಯಾಗುವಾಗ ಹುಟ್ಟುವ ಸುಣ್ಣದ ಹೊಳೆಯುವ ಹರಳುಗಳು ಇಡೀ ಪಟ್ಟಿಯಲ್ಲಿ ಹುಡುಕಿದರೂ ಬೆರಳೆಣಿಕೆಯಷ್ಟು. ಮೇಲಿನ ಪದರ ಬಿಸಿಲಿಗೆ ಒಣಗಿ ಗಟ್ಟಿಯಾದಂತೆ ಕಂಡಿದೆ, ಒಳಗೆ ಸಿಮೆಂಟು ಕೆಲಸವನ್ನೇ ಮಾಡಿಲ್ಲ. ಏನೋ ಒಂದು ಅದರ ಕೈ ಕಟ್ಟಿಹಾಕಿದೆ.

ಅದೇನೆಂದು ಯೋಚಿಸುವಾಗ ಅವಳಿಗೆ ಎರಡು ವರ್ಷದ ಹಿಂದಿನ ಚಹಾದ ಬಸಿ ನೆನಪಾಯಿತು. ಬಸಿಗಿಂತ ಒಂದು ಗಳಿಗೆ ಮೊದಲು ಶಾಂತಪ್ಪ ಕೇಳಿದ ಪ್ರಶ್ನೆ ನೆನಪಾಯಿತು. ಅದಕ್ಕೆ ತಾನು ಉತ್ತರ ಕೊಡಲಿಲ್ಲ ಎಂಬುದೂ ನೆನಪಾಯಿತು. ಸುಣ್ಣಕ್ಕೆ ಬೆಲ್ಲ ಬಲ, ಸಿಮೆಂಟಿಗೆ ಅದೇ ಬೆಲ್ಲ ವಿಷ. ಗಟ್ಟಿಯಾಗಲು ಹೊರಟ ಸಿಮೆಂಟನ್ನು ಸಿಹಿ ಮಲಗಿಸಿಬಿಡುತ್ತದೆ. ಇಷ್ಟೇ ಮಾತು. ಎರಡು ಸಾಲು. ಹೇಳಿರಲಿಲ್ಲ.

ಕಾಂಕ್ರೀಟಿನ ಪುಡಿಯನ್ನು ನೀರಿನಲ್ಲಿ ನೆನೆಸಿ ಸೋಸಿ, ಕಾಲೇಜು ಹುಡುಗರು ಸಕ್ಕರೆ ಹುಡುಕಲು ಮಾಡುವ ಪರೀಕ್ಷೆಯನ್ನು ಮಾಡಿದಳು. ಎರಡು ಹನಿ ರಾಸಾಯನಿಕ, ಕೊಳವೆಯ ಒಳಗೋಡೆಗುಂಟ ನಿಧಾನಕ್ಕೆ ಆಮ್ಲ. ನೀರು ಆಮ್ಲ ಸೇರುವಲ್ಲಿ ನೇರಳೆ ಬಣ್ಣದ ಉಂಗುರ ಕಟ್ಟಿತು, ಸಿಹಿ ಇದೆ ಎಂಬುದಕ್ಕೆ ಅದೇ ಗುರುತು. ಮತ್ತೆ ಮಾಡಿದಳು, ಮತ್ತೆ ಕಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ. ಆಡದೆ ಉಳಿದ ಮಾತಿನ ಬಗ್ಗೆ ಅವರು ಏನೂ ಹೇಳಿ ಹೋಗಿಲ್ಲ.

ಭಾನುವಾರ ಜೀಪು ಹತ್ತಿ ಹಳ್ಳಿಗೆ ಹೋದಳು. ಶಾಂತಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಗಾರೆ ಬಳಿಯುವ ಕರಣಿ ಗೂಟಕ್ಕೆ ತೂಗುತ್ತಿತ್ತು, ತೊಳೆದು ಒರೆಸಿ ಇಟ್ಟಂತೆ ಹೊಳೆಯುತ್ತಿತ್ತು. ಎರಡು ವಾರದಿಂದ ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಸುಗಲಾಬಾಯಿ ಎಂದಿನಂತೆ ಒಲೆಯ ಮುಂದೆ ಮಣೆ ಹಾಕಿದಳು. ಗಂಡನನ್ನೂ ಒಳಗೆ ಕರೆದಳು.

"ಎಷ್ಟು ಬೆಲ್ಲ ಹಾಕೀರಿ ಕಾಕಾ?" ಮೃಣಾಲಿನಿ ಕೇಳಿದಳು.

ರೊಟ್ಟಿ ಬಡಿಯುತ್ತಿದ್ದ ಸುಗಲಾಬಾಯಿಯ ಕೈ ನಿಂತಿತು. ಆಕೆಗೂ ಇದು ಗೊತ್ತಿರಲಿಲ್ಲ.

"ಮೂರು ಪೆಂಟಿ," ಶಾಂತಪ್ಪ ಮೆಲ್ಲಗೆ ಹೇಳಿದ. "ಕಬ್ಬಿನ ಗಾಣದಿಂದ ನಾನೇ ತಂದಿದ್ದೆ. ಹಿಂದಿನ ದಿನ ಹಂಡೇದಾಗ ಕರಗಿಸಿ, ಕಲಸೋ ನೀರಿನ್ಯಾಗ ಹಾಕಿದೆ. ಮಠದ ದಾಸೋಹದ ಮನಿ ಅದು, ನಾ ಹೋದ ಮ್ಯಾಲೂ ನಿಂದಿರಬೇಕು, ನಮ್ಮಜ್ಜನ ಬಾವಿ ನಿಂತಂಗ. ಗುಪ್ತದಾನ ಅಂತ ಯಾರಿಗೂ ಹೇಳಲಿಲ್ಲ. ಹೇಳಿದ್ರ ಪುಣ್ಯ ಹೋಗ್ತದಲ್ಲ."

ನೋಡಿ, ಕದಿಯದವನು ಕದ್ದ ಎನ್ನಿಸಿಕೊಂಡದ್ದು ಹೀಗೆ. ಕೊಟ್ಟದ್ದನ್ನು ಬಚ್ಚಿಟ್ಟಿದ್ದಕ್ಕೆ.

"ಬಿದ್ದ ಮ್ಯಾಲಾದ್ರೂ ಕಮಿಟಿಗೆ ಹೇಳಬೇಕಿತ್ತಲ್ಲ."

"ಬೆಲ್ಲದಿಂದ ಬಿತ್ತೋ ಏನೋ ನನಗೂ ಖಾತ್ರಿ ಇರಲಿಲ್ಲ. ಮತ್ತ ಹೇಳಿದ್ರ, ನಿನಗ ಯಾರ ಹೇಳಿಕೊಟ್ರು ಅಂತ ಕೇಳತಾರ. ನಿಮ್ಮ ಹೆಸರು ಬರ್ತದ. ನೀವು ಒಬ್ಬರೇ ಇರೋರು ಬಾಯಿ, ನೌಕರಿ ಮ್ಯಾಲ ಬದಕೋರು. ನನಗ ಕಳ್ಳ ಅಂದ್ರ ಅನ್ಲಿ, ಅನ್ನೋರ ಬಾಯಿ ನೋಯ್ತದ."

ಮೃಣಾಲಿನಿಯ ಹೆಸರನ್ನು ಕಾಯಲು ಯಾರಾದರೂ ತಮ್ಮ ಹೆಸರನ್ನು ಕಳೆದುಕೊಂಡದ್ದು ಇದೇ ಮೊದಲು.

"ನೀವು ಕೇಳಿದ್ರಿ. ನಾನು ಹೇಳಲಿಲ್ಲ," ಎಂದಳು.

"ಮೌನಂ ಸಮ್ಮತಿ ಅಂತಾರ. ನೀವು ಬ್ಯಾಡ ಅನ್ನಲಿಲ್ಲ, ನಾ ಹೌದು ಅಂದ್ಕೊಂಡೆ." ಅವನು ಒಂದು ಕಟ್ಟಿಗೆಯನ್ನು ಒಲೆಯೊಳಗೆ ಸರಿಸಿದ. "ಒಂದು ಕೆಲಸ ಮಾಡ್ರಿ. ಖಡಿ ಖರಾಬ್ ಇತ್ತು ಅಂತ ಬರೀರಿ. ನಾರಾಯಣಖೇಡದ ಕಲ್ಲು, ಅದಕ್ಕೇನು ಮಾನ ಅದ, ಮರ್ಯಾದಿ ಅದ? ಎಲ್ಲಾರೂ ಉಳಿತೇವಿ."

ಎಷ್ಟು ಸುಲಭವಿತ್ತು. ಅವಳು ಬರೆದರೆ ಅದೇ ಕೊನೆಯ ಮಾತು, ಮತ್ತೆ ನೋಡುವವರು ಯಾರೂ ಇಲ್ಲ. ಕಲ್ಲು ಎದ್ದು ಬಂದು ನಾನು ಚೆನ್ನಾಗಿದ್ದೆ ಎನ್ನುವುದಿಲ್ಲ. ಆದರೆ ಇಪ್ಪತ್ತೆರಡು ವರ್ಷ ಅವಳಿಗೆ ಜೊತೆಯಾಗಿದ್ದದ್ದು ಆ ಕಲ್ಲುಗಳೇ. ಅವು ಇದ್ದದ್ದನ್ನು ಇದ್ದಂತೆ ತೋರಿಸಿದ್ದವು.

"ಕಲ್ಲು ಚಲೋ ಅದ ಕಾಕಾ," ಎಂದಳು.

ಆಗ ಸುಗಲಾಬಾಯಿ ಬಾಯಿಬಿಟ್ಟಳು. "ನೀ ಖರೇ ಇದ್ದಿದ್ದೇ ಬರಿ ಯವ್ವಾ. ನಲ್ಲಿಗಿ ಹ್ವಾದ್ರ ಹೆಂಗಸೂರು ಕೊಡ ಸರಸಿ ನಿಂದಿರತಾರ. ಕಳ್ಳನ ಹೇಣ್ತಿ ಅನಿಸ್ಕೊಂಡು ನನಗ ಸಾಯಾಕ ಆಗಂಗಿಲ್ಲ." ಶಾಂತಪ್ಪ ಎದ್ದು ಪಡಸಾಲೆಗೆ ಹೋದ. ಆ ದಿನವೂ ಬಟ್ಟೆಯಲ್ಲಿ ರೊಟ್ಟಿ ಬಂತು, ಬೆಲ್ಲವೂ ಬಂತು.

ಬುಧವಾರ ಮಠದ ಅಂಗಳದಲ್ಲಿ, ಬೇವಿನ ಮರದ ಕೆಳಗೆ ಕಮಿಟಿ ಸೇರಿತು. ಊರೂ ಸೇರಿತು, ಇಂಥದ್ದಕ್ಕೆ ಊರನ್ನು ಕರೆಯಬೇಕಾಗಿಲ್ಲ. ವರದಿ ಇಂಗ್ಲಿಷಿನಲ್ಲಿತ್ತು. ಗುರುಬಸವ ಅದನ್ನು ತಿರುವಿ ಹಾಕಿ, "ಮೇಡಂ, ನಮ್ಮ ಮಾತಿನ್ಯಾಗ ಹೇಳ್ರಿ," ಎಂದ. ಅವಳು ಅದಕ್ಕೇ ಬಂದಿದ್ದಳು. ಪೋಸ್ಟಿನಲ್ಲಿ ಕಳಿಸಿದ್ದರೆ ನಡೆಯುತ್ತಿತ್ತು, ಆದರೆ ಮನಸ್ಸು ಒಪ್ಪಿರಲಿಲ್ಲ. ಒಮ್ಮೆ ಹೇಳದೆ ಉಳಿಸಿದ್ದು ಸಾಕು ಎಂದುಕೊಂಡು ಎದ್ದು ನಿಂತಳು.

"ಸಿಮೆಂಟ್ ಕಮ್ಮಿ ಬಿದ್ದಿಲ್ಲ. ನೀವು ಕೊಟ್ಟಿದ್ದು ಅದರಾಗೇ ಅದ, ನಾನು ಕಣ್ಣಾರೆ ನೋಡೀನಿ. ಶಾಂತಪ್ಪನವರು ಕದ್ದಿಲ್ಲ. ಮ್ಯಾಲ ತಮ್ಮ ರೊಕ್ಕದಿಂದ ಬೆಲ್ಲ ತಂದು ಹಾಕ್ಯಾರ, ಸ್ಲ್ಯಾಬ್ ಗಟ್ಟಿ ಆಗಲಿ ಅಂತ. ಸುಣ್ಣದ ಗಚ್ಚಿಗೆ ಬೆಲ್ಲ ಹಾಕೋದು ಸರಿ, ಸಿಮೆಂಟಿಗೆ ಹಾಕಬಾರದು. ಪಾಪ, ಅವರಿಗೆ ಅದು ತಿಳೀಲಿಲ್ಲ. ನನ್ನ ಕೇಳಿದ್ರು, ನಾನು ಹೇಳಲಿಲ್ಲ. ತಪ್ಪು ನಂದು, ಪೂರಾ ನಂದು."

ಗುಂಪಿನ ಹಿಂದಿನಿಂದ ಯಾರೋ, "ಸ್ಲ್ಯಾಬ್ ಹಾಕ್ಯಾನೋ, ಹೋಳಗಿ ಮಾಡ್ಯಾನೋ," ಎಂದರು.

ಇಡೀ ಅಂಗಳ ನಕ್ಕಿತು. ಕೆಟ್ಟ ನಗುವಲ್ಲ, ಹಗುರಾದವರ ನಗು. ತಮ್ಮೂರಿನಲ್ಲಿ ಕಳ್ಳನಿಲ್ಲ ಎಂದು ತಿಳಿದು ಬಂದ ನಗು. ಗುರುಬಸವ ಎದ್ದು, "ತಪ್ಪು ತಿಳದಿದ್ದೆವು ಶಾಂತಪ್ಪಣ್ಣಾ," ಎಂದು ಎಲ್ಲರೆದುರು ಕೈ ಮುಗಿದ. ಮುಗಿಯುವಾಗ ಅವನ ತುಟಿಯ ಅಂಚಿನಲ್ಲೂ ನಗು ಇತ್ತು. ಶಾಂತಪ್ಪ ತಲೆ ಎತ್ತಲಿಲ್ಲ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಅದರ ಮಡಿಕೆಯನ್ನು ನೇವರಿಸುತ್ತಿದ್ದ.

ಮೃಣಾಲಿನಿಯ ನೌಕರಿಗೆ ಏನೂ ಆಗಲಿಲ್ಲ. "ಹೊರಗ ಹೋಗಿ ಭಾಷಣ ಮಾಡೋದು ನಮ್ಮ ಕೆಲಸ ಅಲ್ರಿ," ಎಂದು ಲಕ್ಷ್ಮೀಕಾಂತ ಒಂದು ಮಾತು ಹೇಳಿ ಮುಂದಿನ ಕಲ್ಲು ಕೊಟ್ಟ. ಯಾವುದಕ್ಕೆ ಹೆದರಿದ್ದಳೋ ಅದು ಬರಲೇ ಇಲ್ಲ. ನ್ಯಾಲ್ಕಲ್ ಕಡೆಯಿಂದ ಬರುವ ಆಟೋದವರ ಬಾಯಲ್ಲಿ ಮಾತ್ರ ಒಂದು ಹೊಸ ಹೆಸರು ಕೇಳಿಬಂತು: ಹೋಳಗಿ ಶಾಂತಪ್ಪ. ಮೂರು ಭಾನುವಾರ ಅವಳು ಹಳ್ಳಿಯ ಕಡೆ ಹೋಗಲಿಲ್ಲ, ಅವರಿಗೆ ಸ್ವಲ್ಪ ಸಮಯ ಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ನಿಜವಾಗಿ ಅವಳಿಗೆ ಹೆದರಿಕೆಯಾಗಿತ್ತು.

ನಾಲ್ಕನೆಯ ಭಾನುವಾರ ಬಟ್ಟೆಯಲ್ಲಿ ಬಾಳೆಹಣ್ಣು ಕಟ್ಟಿಕೊಂಡು ಹೋದಳು. ಎಂದಿನಂತೆ ತಟ್ಟದೆ ಒಳಗೆ ಕಾಲಿಟ್ಟಳು.

"ಬರ್ರಿ ಮೇಡಂ," ಎಂದಳು ಸುಗಲಾಬಾಯಿ. ಪಡಸಾಲೆಯಲ್ಲಿ ಒಂದು ಕುರ್ಚಿ ಎಳೆದು, ಸೆರಗಿನಿಂದ ಒರೆಸಿ, "ಕೂಡ್ರಿ," ಎಂದಳು.

ಆ ಮನೆಯಲ್ಲಿ ಕುರ್ಚಿ ಇದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಸ್ಟೂಲಿನ ಮೇಲೆ ತಾಟು ಬಂತು, ನೀರಿನ ತಂಬಿಗೆ ಬಂತು. ರೊಟ್ಟಿ ಬಿಸಿಯಾಗಿಯೇ ಇತ್ತು, ಪಲ್ಯ ರುಚಿಯಾಗಿಯೇ ಇತ್ತು. ಇನ್ನೊಂದು ಬೇಕೇನ್ರಿ ಎಂದು ಆಕೆ ಕೇಳಿದಳು, ಮೊದಲಿನಂತೆ ನೂಕಲಿಲ್ಲ. ಮರ್ಯಾದೆಯಲ್ಲಿ ಒಂದು ಕೂದಲೆಳೆ ಕೊರತೆ ಇರಲಿಲ್ಲ. ಮೃಣಾಲಿನಿ ಕುರ್ಚಿಯ ಮೇಲೆ ಕೂತು ಊಟ ಮಾಡಿದಳು, ಒಲೆ ಅಲ್ಲಿಂದ ಕಾಣುತ್ತಿರಲಿಲ್ಲ.

ಶಾಂತಪ್ಪ ಹೊರಗಿನಿಂದ ಬಂದು ಹೊಸ್ತಿಲ ಹತ್ತಿರ ಕೂತ.

"ನನ್ನ ಮ್ಯಾಲ ಸಿಟ್ಟು ಅದೇನು ಕಾಕಾ?" ಎಂದಳು ಮೃಣಾಲಿನಿ.

"ಖರೇ ಹೇಳಿದೋರ ಮ್ಯಾಲ ಸಿಟ್ಟು ಮಾಡಬಾರದು ಬಾಯಿ. ಆದ್ರ ಬರ್ತದ. ಏನು ಮಾಡ್ಲಿ?" ಅವನ ದನಿಯಲ್ಲಿ ಒರಟುತನವಿರಲಿಲ್ಲ. "ಕಳ್ಳ ಅಂದಾಗ ಮಂದಿ ನನ್ನ ಕೈ ನೋಡತಿದ್ರು. ಈಗ ನನ್ನ ತಲಿ ನೋಡತಾರ. ಕೈ ತೊಳಕೋಬಹುದು. ತಲಿ ಎಲ್ಲಿ ತೊಳೀಲಿ?"

"ನಾನು ತಪ್ಪು ನಂದು ಅಂದೆನಲ್ಲ."

"ಅದೇ. ಬೆಲ್ಲ ನಮ್ಮಜ್ಜಂದು. ಹಾಕಿದ ಕೈ ನಂದು. ನೀವು ಎಲ್ಲಾ ನಿಮ್ಮದು ಅಂದ್ರಿ, ನನಗ ಪಾಪ ಅಂದ್ರಿ. ನಲವತ್ತು ವರ್ಷ ಕೆಲಸ ಮಾಡಿದಾಂವಗ ತಪ್ಪು ಮಾಡೋ ಹಕ್ಕೂ ಇಲ್ಲದಂಗ ಆತು."

ಅವಳ ಕೈಯಲ್ಲಿ ರೊಟ್ಟಿಯ ತುತ್ತು ಹಾಗೇ ಉಳಿಯಿತು. ಅಂಗಳದಲ್ಲಿ ನಿಂತು ಆ ಮಾತು ಆಡುವಾಗ ತನಗೆ ಒಳಗೊಳಗೇ ಹಿತವಾಗಿತ್ತು ಎಂಬುದು ಅವಳಿಗೆ ಈಗ ನೆನಪಾಯಿತು. ಇಷ್ಟು ಜನ ತನ್ನ ಮಾತು ಕೇಳುತ್ತಿದ್ದಾರೆ ಎಂದು. ಆ ಮೊದಲ ಮಧ್ಯಾಹ್ನವೂ ಹಾಗೆಯೇ ಆಗಿತ್ತು. ಕೇಳುವವರು ಸಿಕ್ಕಾಗ ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬುದು ಅವಳಿಗೆ ತಿಳಿಯದೇ ಹೋಗಿತ್ತು. ಒಮ್ಮೆ ಕಡಿಮೆಯಾಯಿತು, ಒಮ್ಮೆ ಹೆಚ್ಚಾಯಿತು.

"ಬರಬ್ಯಾಡ್ರಿ ಅನ್ನಂಗಿಲ್ಲ," ಶಾಂತಪ್ಪ ಎದ್ದು ಟವೆಲು ಕೊಡವಿದ. "ಸೆಂಟ್ರಿಂಗ್ ಲಗೂ ಬಿಚ್ಚಿದ್ರ ಎಂಥಾದೂ ಕುಸಿತದ. ಜರಾ ದಿನ ಹೋಗಲಿ. ನಾನೇ ಬಂದು ಕರೀತೀನಿ."

ಹೊರಡುವಾಗ ಸುಗಲಾಬಾಯಿ ಬಟ್ಟೆಯಲ್ಲಿ ಬುತ್ತಿ ಕಟ್ಟಿ ಕೊಟ್ಟಳು. ಕೊಡುವಾಗ ಕಣ್ಣು ತಪ್ಪಿಸಿದಳು. ಜೀಪಿನಲ್ಲಿ ಮೃಣಾಲಿನಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ದಾರಿಯುದ್ದಕ್ಕೂ ಅದು ಬೆಚ್ಚಗಿತ್ತು. ಕೋಣೆಗೆ ಬಂದು ಬಿಚ್ಚಿದಳು. ನಾಲ್ಕು ರೊಟ್ಟಿ, ಕಾಗದದಲ್ಲಿ ಹಿಂಡಿ. ಬೆಲ್ಲ ಇರಲಿಲ್ಲ. ರೊಟ್ಟಿಗಳನ್ನು ಎತ್ತಿ ನೋಡಿದಳು, ಬಟ್ಟೆಯ ನಾಲ್ಕೂ ಮೂಲೆಗಳನ್ನು ಮುಟ್ಟಿ ನೋಡಿದಳು. ಮರೆತಿರಬಹುದು ಎಂದುಕೊಳ್ಳಲು ಪ್ರಯತ್ನಿಸಿದಳು. ಎರಡು ವರ್ಷದಲ್ಲಿ ಆಕೆ ಒಮ್ಮೆಯೂ ಮರೆತಿರಲಿಲ್ಲ.

ಆಮೇಲೆ ಬಟ್ಟೆ ಒಗೆದು ಒಣಗಿಸಿದಳು. ಖಾಲಿ ಮರಳಿಸುವಂತಿಲ್ಲ, ಏನಾದರೂ ಕಟ್ಟಬೇಕು. ಬಾಳೆಹಣ್ಣು ಕಟ್ಟಬಹುದು, ಬಳೆ ಕಟ್ಟಬಹುದು. ಯಾವುದನ್ನು ಯೋಚಿಸಿದರೂ ಕೈ ಮುಂದೆ ಹೋಗಲಿಲ್ಲ. ಶಾಂತಪ್ಪ ಕರೆಯಲು ಬಂದಾಗ ಕೈಗೆ ಸಿಗಲಿ ಎಂದು ಬಟ್ಟೆಯನ್ನು ಮಡಿಚಿ ಪ್ರಯೋಗಶಾಲೆಗೆ ತೆಗೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಪಕ್ಕದಲ್ಲಿ ಇಟ್ಟಳು. ಯುಗಾದಿ ಬಂತು, ಅಣ್ಣನ ಫೋನು ಬಂತು. ಕಾರಹುಣ್ಣಿಮೆಯೂ ಕಳೆಯಿತು. ಬಟ್ಟೆ ಇನ್ನೂ ಅಲ್ಲೇ ಇದೆ.